ಖಳನ ಬಾಯಿಗೆ ಇಟ್ಟ ಮಾತು

ನಾಟಕ ಕಂಪನಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಪಿಸುಮಾತಮ್ಮ ಎಂದೇ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ: ಪಕ್ಕದ ಪರದೆಯ ಮರೆಯಲ್ಲಿ ಮುರುಕು ಸ್ಟೂಲಿನ ಮೇಲೆ ಕೂತು, ನಟರು ಮರೆತ ಮಾತನ್ನು ಪಿಸುಗುಟ್ಟುವುದು. ಅದರಲ್ಲೂ ಖಳನ ಪಾತ್ರದ ಮೀಸೆಯಣ್ಣನಿಗೆ ಅವಳಿಲ್ಲದೆ ಮಾತೇ ಹೊರಡದು. ಮರೆಯಿಂದ ಏನು ಕೇಳಿಸಿದರೂ ಹಾಗೇ ಹೇಳಿಬಿಡುವ ಆಸಾಮಿ. ಒಮ್ಮೆ "ಕಾಲೆತ್ತಿ, ವೈರು ಇದೆ" ಎಂದು ಅವಳು ಎಚ್ಚರಿಸಿದ್ದನ್ನೂ ನಾಯಕಿಯ ಮುಂದೆ ಗುಡುಗಿದ್ದ!

ಆ ಮಧ್ಯಾಹ್ನ ಕಂಪನಿಯ ಯಜಮಾನರು ಕೊನೆಯ ದೃಶ್ಯವನ್ನೇ ಬದಲಾಯಿಸಿ ತಂದರು. ಕುಂಬಾರನಾದ ತನ್ನ ತಮ್ಮನ ಕೈ ಮುರಿದ ಖಳ ಇಷ್ಟು ವರ್ಷ ನಾಟಕದ ಕೊನೆಗೆ ಜೈಲಿಗೆ ಹೋಗುತ್ತಿದ್ದ. ಇನ್ನು ಮೇಲೆ ಕಾಲಿಗೆ ಬಿದ್ದು ಅಳುತ್ತಾನೆ, ತಮ್ಮ ಅಪ್ಪಿಕೊಳ್ಳುತ್ತಾನೆ, ಪರದೆ ಬೀಳುತ್ತದೆ. ಓದಿ ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಇದೇನ್ರೀ ಇದು? ಕೈ ಮುರಿದಿದ್ದರ ಬಗ್ಗೆ ಒಂದು ಮಾತೂ ಇಲ್ಲ!"

"ಅಳ್ತಾನಲ್ಲಮ್ಮ. ಚಿಕ್ಕಂದಿನಲ್ಲಿ ಅಪ್ಪ ಹೊಡೀತಿದ್ದ ಅಂತಾನೂ ಹೇಳ್ತಾನೆ. ಜನಕ್ಕೆ ಅಯ್ಯೋ ಪಾಪ ಅನ್ಸಿದ್ರೆ ಸಾಕು."

"ಯಾರು ಪಾಪ? ಕೈ ಹೋದವನಲ್ವಾ? ಖಳ ಒಳ್ಳೆಯವನಾಗ್ಲಿ, ನನ್ನದೇನೂ ತಕರಾರಿಲ್ಲ. ಆದ್ರೆ ಮಾಡಿದ್ದೇನು ಅಂತ ಅವನ ಬಾಯಲ್ಲೇ ಬರ್ಬೇಕು. ಕ್ಷಮಿಸಿದ್ರೂ ಸರಿ, ಬಿಟ್ರೂ ಸರಿ ಅಂತ ನಿಂತ್ಕೋಬೇಕು. ಅಷ್ಟೂ ಆಗದವನು ಬದಲಾಗೋಕೆ ಲಾಯಕ್ಕೇ ಅಲ್ಲ!"

"ನೀನು ಹೇಳಿಕೊಡೋಳು, ಬರೆಯೋಳಲ್ಲ. ಒಂದಕ್ಷರ ಆಚೀಚೆ ಆದ್ರೆ ನಾಳೆಯಿಂದ ಬರ್ಬೇಡ."

ಅವಳ ಸಿಟ್ಟಿಗೆ ಕಾರಣ ಮನೆಯಲ್ಲೇ ಇತ್ತು. ಭಾವ ಅಕ್ಕನನ್ನು ಮೆಟ್ಟಿಲಿಂದ ತಳ್ಳಿದ್ದ. ಅಕ್ಕನ ಮುರಿದ ಬಲ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತು. ಆಮೇಲೆ ಅಕ್ಕನ ತವರಿಗೆ ಬಂದು ಬಾಗಿಲಲ್ಲಿ ಕೂತು ಗೊಳೋ ಎಂದು ಅತ್ತ. 'ನನ್ನ ಗ್ರಹಚಾರ' ಎಂದನೇ ಹೊರತು 'ನಾನು ತಳ್ಳಿದೆ' ಎನ್ನಲಿಲ್ಲ. ಅತ್ತನಲ್ಲ, ಹೋಗ್ಲಿ ಬಿಡು ಎಂದರು ಎಲ್ಲರೂ. ಹೋಗ್ಲಿ ಬಿಡಬೇಕಂತೆ! ಅಕ್ಕ ಅವನ ಹಿಂದೆಯೇ ವಾಪಸು ಹೋದಳು. ಇವತ್ತಿಗೂ ಬಾಗಿಲ ಚಿಲಕ ತೆಗೆಯುವುದು ಎಡಗೈಯಲ್ಲೇ.

ಸಂಜೆ ಮೂರನೇ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ಭಾವ. ಮೀಸೆಯಣ್ಣ ಕಾಲಿಗೆ ಬಿದ್ದ, ಭುಜ ಕುಣಿಸಿ ಅತ್ತ, ಎಂದಿನಂತೆ ಮಾತು ಮರೆತು ಮರೆಯತ್ತ ಕಿವಿ ಕೊಟ್ಟ. ಅವಳು ಮೂರನೇ ಸಾಲನ್ನು ಒಮ್ಮೆ ನೋಡಿ ಪುಸ್ತಕ ಮುಚ್ಚಿದಳು.

"ನಿನ್ನ ಕೈ ಮುರಿದವನು ನಾನು," ಎಂದು ಪಿಸುಗುಟ್ಟಿದಳು.

"ನಿನ್ನ ಕೈ ಮುರಿದವನು ನಾನು!" ಎಂದು ಮೀಸೆಯಣ್ಣ ಗುಡುಗಿದ.

"ಬೇಕೆಂದೇ ಮುರಿದೆ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ."

ಅವಳು ಪಿಸುಗುಟ್ಟಿದ ಇದನ್ನೂ ಹೇಳುವಾಗ ಮೀಸೆಯಣ್ಣನ ದನಿ ತಾನಾಗಿಯೇ ಇಳಿಯಿತು. ತಮ್ಮನ ಪಾತ್ರದವನು ಅಪ್ಪಿಕೊಳ್ಳುವುದನ್ನೇ ಮರೆತು ನಿಂತ.

ಪರದೆ ಬಿದ್ದದ್ದೇ ತಡ, ಯಜಮಾನರು ಬಾಗಿಲು ತೋರಿಸಿದರು. ಅವಳು ಕನ್ನಡಕ, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡು ಹೊರಬಂದಳು. ಗೇಟಿನ ಹತ್ತಿರ ಅಕ್ಕ ಒಬ್ಬಳೇ ನಿಂತಿದ್ದಳು.

"ಭಾವ ಎಲ್ಲಿ ಅಕ್ಕಾ?"

"ಆ ಮಾತು ಬಂದ ಕೂಡ್ಲೇ ಎದ್ದು ಹೋದ್ರು. ನಾಟಕ ಕೆಟ್ಟುಹೋಯ್ತಂತೆ." ಅಕ್ಕ ಸೊಟ್ಟ ಕೈಯಿಂದಲೇ ತಂಗಿಯ ಚೀಲ ತೆಗೆದುಕೊಂಡಳು. "ನಡಿಯೇ, ನಿನ್ನ ಮನೆಗೆ ಹೋಗೋಣ."