ಬಣ್ಣದ ಬಕೆಟ್ಟಿನ ಅಂಬಲಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಹಮಾಲಿ ಮಾಡುತ್ತ ರಸಾಯನಶಾಸ್ತ್ರ ಓದಿದೆ. ಈಗ ಜೇವರ್ಗಿಯಲ್ಲಿ ಹೈಸ್ಕೂಲು ಮಾಸ್ತರ. ಮಂದಿ ಮಕ್ಕಳಿಗೆ ಹೇಳಿದಷ್ಟು ಸಲೀಸಾಗಿ ಮನೆಯಲ್ಲಿ ಹೇಳಲು ಇಂದಿಗೂ ಆಗಿಲ್ಲ.

ಹೋದ ಎಳ್ಳಮಾಸಿಗೆ, ಹೊಲದಲ್ಲಿ ಬೆಳೆ ಪೂಜಿಸಿ ಅಲ್ಲೇ ಉಣ್ಣುವ ಅಮಾವಾಸ್ಯೆಗೆ, ಮಾದನಹಿಪ್ಪರಗಾದ ನಮ್ಮ ಮನೆಗೆ ಹೋಗಿದ್ದೆ. ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯೆ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆರೊಟ್ಟಿ, ಜೋಳದ ಹುಳಿ ಅಂಬಲಿ. ಉಪ್ಪೊಂದು ಬಿಟ್ಟರೆ ಅಂಗಡಿಯದು ಏನೂ ಇರಲಿಲ್ಲ. ಹೊಲಕ್ಕೆ ಒಯ್ಯಲೆಂದು ಅಣ್ಣನ ಹೆಂಡತಿ, ನಮ್ಮ ವೈನಿ, ಆ ಬಿಸಿ ಅಂಬಲಿಯನ್ನು ಗೋಡೆಬಣ್ಣದ ಖಾಲಿ ಬಕೆಟ್ಟಿಗೆ ಸುರುವತೊಡಗಿದಳು. ಅದರ ಮುಚ್ಚಳ ಗಟ್ಟಿ, ಬೈಕಿನ ಮೇಲೆ ಹನಿಯೂ ಚೆಲ್ಲುವುದಿಲ್ಲ.

"ಅದರಾಗ ಬ್ಯಾಡ್ರಿ ವೈನಿ. ಬಿಸಿ, ಹುಳಿ ಬಿದ್ರ ಅದರಾಗಿನ ವಿಷ ಅಂಬಲಿಗಿ ಇಳೀತದ."

"ಮೂರು ಸಲ ತಿಕ್ಕಿ ತೊಳದೀನ್ರಿ ಮಾಸ್ತರ."

ಬೈಕು ಒರೆಸುತ್ತಿದ್ದ ಅಣ್ಣ, "ಹೋದ ವರ್ಷ ನಾವೆಲ್ಲ ಇದರಾಗಿಂದೇ ಕುಡದೀವಿ. ಯಾರರೆ ಸತ್ತಾರೇನಲೇ?" ಎಂದು ನಕ್ಕ.

ಅವ್ವ ಮಾತ್ರ ನಗಲಿಲ್ಲ. "ಬಕೀಟಿನ ಮ್ಯಾಲ ಯಾಕ ಹಾಕ್ತಿ? ನನ್ನ ಅಂಬಲಿ ಸೇರಂಗಿಲ್ಲ ಅನ್ನು. ಪಗಾರ ಬಂದಮ್ಯಾಲ ನಾಲಿಗಿ ಬದಲಾಗೇದ."

ಹಂಗಲ್ಲ ಯವ್ವ ಎಂದು ಹೇಳಿ ಹೇಳಿ ಸಾಕಾಗಿತ್ತು. ಅಂಬಲಿಯನ್ನು ಗಡಿಗೆಗೆ ಸುರುವಿ, ತಲೆಯ ಮೇಲೆ ಹೊತ್ತು ನಡೆದೇ ಹೋದೆ. ಅವರು ಬೈಕಿನ ಮೇಲೆ ಎರಡು ಸಲಕ್ಕೆ ಮುಂದೆ ಹೋದರು.

ನಾನು ಹೊಲ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ಬೆಳೆಗೆ ಎಡೆ ಚೆಲ್ಲುವ ಚರಗವನ್ನು ಅವ್ವ ನನ್ನ ಗಡಿಗೆಗಾಗಿ ತಡೆದಿದ್ದಳು. ಅಣ್ಣನ ಮಕ್ಕಳು ಹಸಿದು ಅಳುತ್ತಿದ್ದರು.

"ಬಂತ ನೋಡ್ರಿ ಡಿಗ್ರಿ, ನಡಕೋತ!" ಎಂದ ಅಣ್ಣ.

ಚರಗ ಚೆಲ್ಲಿ ಉಂಡೆವು. ಅಂಬಲಿ ಚಲೋ ಆಗೇದ ಯವ್ವ ಎಂದೆ. ಅವಳ ಮುಖ ತುಸು ಸಡಿಲಾಯಿತು.

ಅವತ್ತು ಒಂದು ಹೊಲದವರು ಇನ್ನೊಂದು ಹೊಲದವರನ್ನು ಕರೆದು ಉಣಿಸುತ್ತಾರೆ, ಒಲ್ಲೆ ಅನ್ನುವಂತಿಲ್ಲ. ಬಾಜೂ ಹೊಲದ ಮುದುಕ ಬಂದು ನನ್ನ ಕೈ ಹಿಡಿದ. "ಬರ್ರಿ ಸರ, ನಮ್ದೂ ಒಂದೀಟು ಕುಡೀರಿ." ಅವನ ಹೆಂಡತಿ ಮುಚ್ಚಳ ತೆಗೆದಳು. ಅದೂ ಬಣ್ಣದ ಬಕೆಟ್ಟೇ. ಲೋಟ ಹಿಡಿದು ಪೂರ್ತಿ ಕುಡಿದೆ.

ತಿರುಗಿದರೆ ಅವ್ವ ಬದುವಿನ ಮೇಲೆ ನಿಂತಿದ್ದಳು.

"ಮಂದೀ ಬಕೀಟಿನಾಗಿಂದು ಸುಮ್ಮ ಕುಡದಿ."

"ಅವರು ಬ್ಯಾಸರ ಮಾಡ್ಕೋತಾರ ಅಂತ ಕುಡದೆ ಯವ್ವ."

"ನನಗ ಬ್ಯಾಸರ ಆಗಂಗಿಲ್ಲೇನು?" ಎಂದು ರೊಟ್ಟಿ ಬುಟ್ಟಿ ಎತ್ತಿಕೊಂಡು ಹೋದಳು.