ಗಾಜಿನ ಕಿಟಕಿಗೇರಿದ ನರಿ ಸಂಸಾರ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗದ್ದಣ್ಣನಿಗೆ ಆ ಹೆಸರು ಹೆತ್ತವರು ಇಟ್ಟಿದ್ದಲ್ಲ. ಕುರ್ಚಿಯಲ್ಲಿ ಕೂತವರಿಗೆಲ್ಲ ‘ಗದ್ದ ಸ್ವಲ್ಪ ಕೆಳಗೆ’ ಎಂದು ಹೇಳಿ ಹೇಳಿ ಸಂಪಾದಿಸಿದ್ದು. ಊರಿನ ಅರ್ಧ ಜನರ ಗುರುತಿನ ಚೀಟಿಯಲ್ಲಿರುವ ಮುಖ ನೆಟ್ಟಗಾದದ್ದು ಅವನ ಕೈಯಲ್ಲಿ. ಇದನ್ನು ಅವನೇ ಹೇಳುತ್ತಾನೆ. ಯಾರೂ ಕೇಳದಿದ್ದರೂ ಹೇಳುತ್ತಾನೆ.

ಊರು ಬೆಳೆದು ಹೊಸ ಬಡಾವಣೆಯ ರಸ್ತೆಗಳು ಕುರುಚಲು ಕಾಡಿಗೆ ನುಗ್ಗಿದಾಗ, ಅಲ್ಲಿನ ನರಿಗಳು ರಸ್ತೆಬದಿ ತಂದು ಹಾಕಿದ್ದ ಚರಂಡಿ ಕೊಳವೆಗಳಲ್ಲೇ ಸಂಸಾರ ಹೂಡಿದವು. ಅವುಗಳ ಫೋಟೋ ತೆಗೆಯುವ ಹುಚ್ಚು ಗದ್ದಣ್ಣನಿಗೆ ಹಿಡಿಯಿತು. ಬೇರೆಯವರಾದರೆ ಓಡುವ ನರಿ, ನೆಗೆಯುವ ನರಿ ಎಂದು ಕುಣಿದಾಡುತ್ತಾರೆ. ಇವನ ಲೆಕ್ಕದಲ್ಲಿ ಅದೆಲ್ಲ ಅಶಿಸ್ತು. ಮುಖ ನೇರ ಇರಬೇಕು, ಎರಡೂ ಕಿವಿ ಕಾಣಬೇಕು. ನರಿಗಳಿಗೆ ಈ ನಿಯಮ ಯಾರೂ ತಿಳಿಸಿರಲಿಲ್ಲ. ಹೀಗಾಗಿ ವರ್ಷವಿಡೀ ಅವನಿಗೆ ಸಿಕ್ಕಿದ್ದು ಬರೀ ಬಾಲ.

ಅವನ ಕಣ್ಣಿದ್ದದ್ದು ಅಂಗಡಿಯ ಗಾಜಿನ ಕಿಟಕಿಯ ನಟ್ಟನಡುವಿನ ಜಾಗದ ಮೇಲೆ. ಬೀದಿಗೆಲ್ಲ ಕಾಣುವ ಆ ಜಾಗದಲ್ಲಿ ಮೊದಲಿನಿಂದಲೂ ಹೆಂಡತಿಯ ತಮ್ಮನ ಮದುವೆ ಫೋಟೋ ಬೇರುಬಿಟ್ಟಿತ್ತು.

“ನನ್ನ ತಮ್ಮನ್ನ ಇಳಿಸಿ ನರಿ ಬಾಲ ನೇತುಹಾಕ್ತೀರಾ?” ಎಂದಳು ಹೆಂಡತಿ.

“ಬಾಲ ಅಲ್ಲ ಕಣೇ. ನೇರ ಮುಖ ಸಿಕ್ಕಿದ್ರೆ?”

“ಸಿಗ್ಲಿ. ಅವತ್ತು ಮೊಳೆ ನಾನೇ ಹೊಡೀತೀನಿ.”

ಸ್ಟುಡಿಯೋದಲ್ಲಿ ಹಟಮಾರಿ ಮಕ್ಕಳು ಬಂದರೆ ಕ್ಯಾಮೆರಾ ಹಿಂದೆ ನಿಂತು ಬೀಗದ ಕೈ ಗೊಂಚಲು ಗಲಗಲ ಆಡಿಸುವುದು ಅವಳ ಕೆಲಸ. ಮಗು ತಿರುಗಿ ನೋಡುತ್ತಿತ್ತು, ಗದ್ದಣ್ಣ ಗುಂಡಿ ಒತ್ತುತ್ತಿದ್ದ, ಹೆಸರು ಗುಂಡಿ ಒತ್ತಿದವನಿಗೆ.

ಒಂದು ಸಂಜೆ ಅಂಗಡಿಗೆ ಬೀಗ ಹಾಕಿ ಅವಳೂ ಜೊತೆಗೆ ಹೊರಟಳು. ದಿನಾ ಗಂಡನ ಅಂಗಿಗೆ ಇಷ್ಟೊಂದು ಮುಳ್ಳು ಎಲ್ಲಿಂದ ಬರುತ್ತದೆಂದು ನೋಡಬೇಕಿತ್ತಂತೆ. ಮರಳಿನ ಗುಡ್ಡೆಯ ಮರೆಯಲ್ಲಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತರು. ಬಿಸಿಲು ಇಳಿಯುತ್ತಿದ್ದಂತೆ ತಾಯಿನರಿ ಕೊಳವೆಯಿಂದ ಹೊರಬಂತು, ಹಿಂದೆ ನಾಲ್ಕು ಮರಿ. ಒಂದು ಕೆರೆದುಕೊಳ್ಳುತ್ತಿತ್ತು, ಇನ್ನೊಂದು ಪಕ್ಕದ ಮರಿಯ ಕಿವಿ ಜಗಿಯುತ್ತಿತ್ತು. ಗದ್ದಣ್ಣ ರೂಢಿಬಲದಿಂದ ಪಿಸುಗುಟ್ಟಿದ: “ಗದ್ದ ಸ್ವಲ್ಪ ಕೆಳಗೆ...”

ತಾಯಿನರಿ ಬೆನ್ನು ತಿರುಗಿಸಿತು.

“ನಿಮ್ಮ ಗದ್ದ ಮುಚ್ಚಿ,” ಎಂದು ಹೆಂಡತಿ ಗೊಂಚಲು ತೆಗೆದು ಒಮ್ಮೆ ಗಲ್ ಎನ್ನಿಸಿದಳು.

ಐದು ಮುಖ, ಹತ್ತು ಕಿವಿ, ಒಟ್ಟಿಗೆ ತಿರುಗಿದವು. ತಾಯಿ ನಡುವೆ, ಮಕ್ಕಳು ಮುಂದೆ, ದುಡ್ಡು ಕೊಟ್ಟು ಕೂತ ಸಂಸಾರದಂತೆ. ಕ್ಲಿಕ್.

ಕೊಟ್ಟ ಮಾತಿನಂತೆ ಮೊಳೆ ಅವಳೇ ಹೊಡೆದಳು. ಭಾನುವಾರ ತಮ್ಮ ಬಂದು, ತನ್ನ ಮದುವೆ ಫೋಟೋ ಒಳಗೆ ಕನ್ನಡಿಯ ಪಕ್ಕಕ್ಕೆ ಸರಿದದ್ದು ಕಂಡು ಮುಖ ಊದಿಸಿದ. “ಏನಕ್ಕಾ, ನನಗಿಂತ ನರಿ ಹೆಚ್ಚಾಯ್ತಾ?”

“ನಿನ್ನ ಮದುವೆ ದಿನ ನಿನ್ನೆದುರು ಕೈ ನೋಯೋವರೆಗೆ ಗೊಂಚಲು ಆಡಿಸಿದೆ. ನೀನು ಊಟದ ಕಡೆನೇ ನೋಡ್ತಿದ್ದೆ. ಇವು ಒಂದೇ ಸಲಕ್ಕೆ ತಿರುಗಿದ್ವು ಕಣೋ.”

ಈಗ ಬಸ್ಸಿಗೆ ಹೋಗುವವರು ಕಿಟಕಿಯೆದುರು ನಿಲ್ಲುತ್ತಾರೆ. ಗದ್ದಣ್ಣ ತಕ್ಷಣ ಹೊರಬಂದು ಬೆಳಕು, ಲೆನ್ಸು, ತಾಳ್ಮೆ ಎಂದು ಭಾಷಣ ಶುರುಮಾಡುತ್ತಾನೆ. ಅಷ್ಟರಲ್ಲಿ ಒಳಗಿನಿಂದ ಗಲ್ ಎಂದು ಸದ್ದು ಬರುತ್ತದೆ. ಅವನ ಎರಡೂ ಕಿವಿ ನಿಮಿರುತ್ತವೆ.

“ಅವು ತಿರುಗಿ ನೋಡಿದ್ದು ಮಾತ್ರ ನಮ್ಮನೆಯವಳನ್ನ,” ಎನ್ನುತ್ತಾನೆ, ಗದ್ದ ಸ್ವಲ್ಪ ಮೇಲೆತ್ತಿ.