ಗಾಳಿ ಸೋರುವ ಗೊಂಬೆ

ನೋವು ಬಂತು. ಹೆರಿಗೆಗೆಂದು ಮೇಲವಂಕಿಯಿಂದ ಅವಸರ ಅವಸರವಾಗಿ ಮೂಡಲಗಿಯ ಆಸ್ಪತ್ರೆಗೆ ಬಂದೆವು. ಬೆಡ್ ಸಿಕ್ಕಿತು, ನೋವು ಮಾಯವಾಯಿತು.

ಡಾಕ್ಟರ್ ನಕ್ಕು, ಎರಡು ದಿನ ಇಲ್ಲೇ ಇರಿ ಎಂದರು. ಸುಮ್ಮನೆ ಮಲಗುವುದು ನನ್ನ ಜಾಯಮಾನವಲ್ಲ. ವಾರ್ಡಿನ ಮೂಲೆಯ ಟೇಬಲ್ಲಿನ ಮೇಲೆ ನರ್ಸುಗಳು ರಬ್ಬರ್ ಗೊಂಬೆಯೊಂದನ್ನು ಇಟ್ಟುಕೊಂಡು, ಹುಟ್ಟಿದ ಕೂಸು ಉಸಿರಾಡದಿದ್ದರೆ ಏನು ಮಾಡಬೇಕೆಂದು ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರು. ನಾನು ಎದ್ದು ಕೂತು ನೋಡಿದೆ. ನನ್ನ ಅತ್ತೆಯೂ ನೋಡಿದರು. ಅದು ಗೊಂಬೆ ಎಂದು ಅವರಿಗೆ ತಿಳಿಯಲಿಲ್ಲ. "ಅಯ್ಯ ನಮ್ಮವ್ವಾ, ಯಾರ ಕೂಸ ಇದು!" ಎಂದು ಅಳಲು ಶುರುಮಾಡಿ ಇಡೀ ವಾರ್ಡನ್ನು ಎಬ್ಬಿಸಿದರು.

ನರ್ಸುಗಳದು ಒಂದೇ ನಿಯಮ. ಗೊಂಬೆಯ ಮುಂದೆ ದೊಡ್ಡವರು, ಸಣ್ಣವರು ಅಂತಿಲ್ಲ. ತಪ್ಪು ಕಂಡವರು ಅಲ್ಲೇ ಕೂಗಿ ಹೇಳಬೇಕು. ಹೀಗಾಗಿ ಹೊಸದಾಗಿ ಸೇರಿದ ಮಹಾದೇವಿ, ಎಲ್ಲರಿಗಿಂತ ಹಿರಿಯರಾದ ಶಾಂತಾ ಸಿಸ್ಟರ್‌ಗೆ "ಗೊಂಬಿ ಕುತ್ತಿಗಿ ಭಾಳ ಬಗ್ಗೈತ್ರೀ ಅಕ್ಕಾರ!" ಎನ್ನುತ್ತಿದ್ದಳು. ಆದರೆ ಅವಳದೇ ಸರದಿ ಬಂದು ಉಸಿರು ತುಂಬುವ ರಬ್ಬರ್ ಬ್ಯಾಗ್ ಒತ್ತಿದರೆ, ಗಾಳಿ ಗೊಂಬೆಯೊಳಗೆ ಹೋಗದೆ ಅದರ ಮುಖಕ್ಕಿಟ್ಟ ಮಾಸ್ಕಿನ ಅಂಚಿನಿಂದ ಸುಸ್ಸ್ ಎಂದು ಸೋರುತ್ತಿತ್ತು.

"ಗಾಳಿ ಸೋರಾಕತ್ತೈತಿ! ಮಾಸ್ಕ್ ಸರಿ ಕೂಡ್ಸು. ಎದಿ ನೋಡು, ಎದಿ ಏಳಬೇಕು!" ಎಂದು ಶಾಂತಾ ಸಿಸ್ಟರ್ ಗದರುತ್ತಿದ್ದರು.

ಮರುದಿನ ನನ್ನ ಬಾಯಿಯೂ ಸುಮ್ಮನಿರಲಿಲ್ಲ. ಹಾಸಿಗೆಯಿಂದಲೇ "ಸೋರಾಕತ್ತೈತ್ರೀ!" ಎಂದು ಕೂಗಿದೆ. ಅತ್ತೆ ಹಣೆ ಚಚ್ಚಿಕೊಂಡರು. "ಹಡಿಯಾಕ ಬಂದೀಯೋ, ಇನ್‌ಸ್ಪೆಕ್ಷನ್ ಮಾಡಾಕ ಬಂದೀಯೋ?"

ಮೂರನೆಯ ದಿನ ಮಧ್ಯಾಹ್ನ ನಿಜವಾದ ನೋವು ಬಂತು. ಗಂಡು ಕೂಸು ಹುಟ್ಟಿತು.

ಅಳಲಿಲ್ಲ.

ಒರೆಸಿದರು. ಬೆನ್ನು ತಿಕ್ಕಿದರು. ಅಳಲಿಲ್ಲ. ಬಾಜೂ ಟೇಬಲ್ಲಿಗೆ ಒಯ್ದರು. ಶಾಂತಾ ಸಿಸ್ಟರ್ ನನ್ನ ರಕ್ತಸ್ರಾವ ನೋಡಿಕೊಳ್ಳುತ್ತಿದ್ದರು. ಬ್ಯಾಗ್ ಇದ್ದದ್ದು ಮಹಾದೇವಿಯ ಕೈಯಲ್ಲಿ. ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು ಮಾತ್ರ. ಆಗ ಕೇಳಿಸಿತು, ಅದೇ ಸುಸ್ಸ್.

"ಏ ಮಹಾದೇವೀ, ಗಾಳಿ ಸೋರಾಕತ್ತೈತಿ!"

ಕೂಗಿದವಳು ನಾನೇ. ಸಿಸ್ಟರ್ ಅನ್ನಬೇಕೆಂಬುದೂ ನೆನಪಾಗಲಿಲ್ಲ. ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ. "ಹೌದ್ರೀ ಅಕ್ಕಾರ!" ಎಂದು ಮಾಸ್ಕ್ ಸರಿಯಾಗಿ ಕೂರಿಸಿದಳು. ಸದ್ದು ನಿಂತಿತು.

"ಎದಿ ಏಳಾಕತ್ತೈತ್ರೀ!"

ಇನ್ನೂ ಕೆಲವು ಸಲ ಒತ್ತಿದಳು. ಬೆಕ್ಕಿನ ಮರಿಯಂಥ ಸಣ್ಣ ದನಿ ಬಂತು. ಆಮೇಲೆ ದೊಡ್ಡದಾಗಿ ಅಳು. ಅವನ ಜೊತೆ ನಾನೂ ಅತ್ತುಬಿಟ್ಟೆ, ಮಹಾದೇವಿಯೂ ಅತ್ತಳು. ಬಾಗಿಲ ಹೊರಗೆ ನಿಂತಿದ್ದ ನನ್ನ ಅತ್ತೆಗೆ ಮೂರು ದನಿ ಕೇಳಿಸಿ ಗಾಬರಿಯಾಯಿತು. "ಸಿಸ್ಟರ್, ಎಷ್ಟ ಹುಟ್ಟ್ಯಾವ್ರೀ?"

ಯಾವುದಕ್ಕೂ ಇರಲಿ ಎಂದು ಕೂಸನ್ನು ಗೋಕಾಕಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು; ಅಲ್ಲಿ ಎರಡು ದಿನ ಇಟ್ಟುಕೊಂಡು ನೋಡಿದರು. ಸದ್ಯಕ್ಕೆ ಚೆನ್ನಾಗಿದ್ದಾನೆ, ತಪಾಸಣೆ ತಪ್ಪಿಸಬೇಡಿ ಎಂದಿದ್ದಾರೆ.

ಈಗ ಮನೆಯಲ್ಲಿ ಹಗಲೆಲ್ಲ ಅಳುತ್ತಾನೆ. ನೆರೆಮನೆಯವರು ಬಂದು, ಕೂಸಿಗೆ ಏನಾಗಿದೆ ಎಂದು ಕೇಳುತ್ತಾರೆ. ಅತ್ತೆ ಅವರ ಬಾಯಿ ಮುಚ್ಚಿಸುತ್ತಾರೆ. "ಅಳಲಿ ಬಿಡವ್ವಾ. ಅವನ ಎದಿ ನೋಡು, ಹೆಂಗ ಏಳಾಕತ್ತೈತಿ."

ನಾನೂ ನೋಡುತ್ತೇನೆ. ಅವನು ಸುಮ್ಮನೆ ಮಲಗಿದ್ದಾಗ ಇನ್ನೂ ಹೆಚ್ಚು ನೋಡುತ್ತೇನೆ.